ಮಗು ನಿಮ್ಮ ಪಕ್ಕದಲ್ಲಿ, ಆದ್ರೆ ತನ್ನದೇ ಹಾಸಿಗೆಯಲ್ಲಿ: ಬೆಡ್‌ಸೈಡ್ ಕ್ರಿಬ್ ಕೊಳ್ಳೋ ಮುಂಚೆ ಕೇಳಿ

ನಮ್ಮ ರೆಗ್ಯುಲರ್ ಕೇಳುಗರಿಗೆ ಮೊದಲೇ ಹೇಳ್ಬಿಡ್ತೀನಿ, ಇವತ್ತು ಎಸ್‌ಐಪಿ ಇಲ್ಲ, ಇನ್ಶೂರೆನ್ಸ್ ಇಲ್ಲ. ಇವತ್ತಿನ ವಿಷಯ ತೊಟ್ಟಿಲು. ಹೊಸ ಕಾಲದ ತೊಟ್ಟಿಲು, ಅಂದ್ರೆ ತಾಯಿಯ ಮಂಚಕ್ಕೆ ಅಂಟಿಸಿ ಇಡೋ ಬೆಡ್‌ಸೈಡ್ ಕ್ರಿಬ್. ನಿಮ್ಮನೇಲೋ, ಗೆಳೆಯರ ಮನೇಲೋ ಈ ವರ್ಷ ಒಂದು ಪಾಪು ಬರೋದಿದ್ರೆ ಈ ಇಪ್ಪತ್ತು ನಿಮಿಷ ನಿಮಗೆ ಉಪಯೋಗಕ್ಕೆ ಬರುತ್ತೆ.

ನನಗೆ ಈ ವಿಷಯ ಯಾಕೆ ಬಂತು ಅಂದ್ರೆ, ನಮ್ಮಕ್ಕ ಮುಂದಿನ ತಿಂಗಳು ಹೆರಿಗೆಗೆ ಗಂಗಾನಗರದ ನಮ್ಮನೆಗೆ ಬರ್ತಾಳೆ. ಬಾಣಂತನ ಇಲ್ಲೇ. ಮಗು ರಾತ್ರಿ ಎಲ್ಲಿ ಮಲಗಬೇಕು ಅನ್ನೋ ಒಂದು ಪ್ರಶ್ನೆಗೆ ನಮ್ಮಲ್ಲಿ ನಾಲ್ಕು ಉತ್ತರ ಇವೆ. ಅಮ್ಮ ಹೇಳೋದು, "ತಾಯಿ ಮಗ್ಗುಲಲ್ಲಿ ಮಲಗದೆ ಇನ್ನೆಲ್ಲಿ ಮಲಗುತ್ತೆ?" ಅಜ್ಜಿಗೆ ಹಳೇ ಕಾಟನ್ ಸೀರೆಯ ಜೋಲಿನೇ ಆಗಬೇಕು. ಅಕ್ಕನ ಅತ್ತೆ ಧಾರವಾಡದವರು. ಫೋನ್ ಮಾಡಿ, "ನಮ್ಮ ಮನ್ಯಾಗ ಕಲಘಟಗಿ ತೊಟ್ಲ ಐತವಾ, ಕಳಸ್ತೇವಿ. ನಿಮ್ಮ ಭಾವನೂ ಅದರಾಗ ಮಲಗಿ ಬೆಳದಾನ" ಅಂದ್ರು. ಅಕ್ಕ ಮಾತ್ರ ವಾಟ್ಸಾಪ್‌ನಲ್ಲಿ ಒಂದು ಬೆಡ್‌ಸೈಡ್ ಕ್ರಿಬ್‌ನ ಲಿಂಕ್ ಕಳ್ಸಿ, ಕೆಳಗೆ ಒಂದೇ ಸಾಲು ಬರೆದಿದ್ಲು: "ಸೇಫಾ ನೋಡಿ ಹೇಳು."

ನಾನು ಬಿ.ಕಾಂ. ಓದಿದವಳು, ಡಾಕ್ಟರ್ ಅಲ್ಲ. ಅದಕ್ಕೆ ನನಗೆ ಬರೋ ರೀತೀಲೇ ಶುರು ಮಾಡಿದೆ. ಒಂದು ಹಾಳೆ ತಗೊಂಡು ಎರಡು ಕಾಲಂ ಹಾಕ್ದೆ. ಒಂದರಲ್ಲಿ 'ಸುರಕ್ಷತೆ', ಇನ್ನೊಂದರಲ್ಲಿ 'ಆರಾಮ'. ಓದ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಯ್ತು. ಈ ವಸ್ತುವಿನಲ್ಲಿ ಸುರಕ್ಷತೆ ಇರೋದು ಮಗುವಿಗಾಗಿ, ಆರಾಮ ಇರೋದು ತಾಯಿಗಾಗಿ. ರಾತ್ರಿ ಮೂರು ಗಂಟೆಗೆ ಮಗು ಅತ್ತಾಗ, ಸಿಸೇರಿಯನ್ ಹೊಲಿಗೆ ಇರೋ ತಾಯಿ ಎದ್ದು, ಬಗ್ಗಿ, ಎತ್ಕೊಳ್ಳೋ ಬದಲು ಕೈ ಚಾಚಿದ್ರೆ ಮಗು ಸಿಗಬೇಕು. ಅದೇ ಆರಾಮ. ಆದ್ರೆ ಅಂಗಡೀಲಿ ಮಾರೋದು ಮಗುವಿನ ಆರಾಮ. ಮೆತ್ತನೆ ಹಾಸಿಗೆ, ಸುತ್ತ ದಿಂಬು, ಗೊಂಬೆ, ಲೇಸು. ಆರ್.ಟಿ. ನಗರದ ಒಂದು ಅಂಗಡೀಲಿ ಹುಡುಗ, "ಒತ್ತಿ ನೋಡಿ ಮೇಡಂ, ಬೆಣ್ಣೆ ಥರ ಇದೆ" ಅಂತ ತೋರಿಸಿದ. ನವಜಾತ ಶಿಶುವಿಗೆ ಬೆಣ್ಣೆ ಥರದ ಹಾಸಿಗೆನೇ ಬೇಡ. ಯಾಕೆ ಅಂತ ಹೇಳ್ತೀನಿ.

ಹುಟ್ಟಿದ ಮಗುವಿನ ತಲೆ ದೊಡ್ಡದು, ಕತ್ತಿಗೆ ಬಲ ಇರಲ್ಲ, ಶ್ವಾಸನಾಳ ತುಂಬಾ ಸಣ್ಣದು. ಮೆತ್ತನೆ ಹಾಸಿಗೆಯಲ್ಲಿ ಮುಖ ಹುದುಗಿದ್ರೆ ತಲೆ ಎತ್ತಿ ತಿರುಗಿಸೋಕೆ ಅದಕ್ಕೆ ಆಗಲ್ಲ. ತಾನು ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಒಳಗೆ ಎಳ್ಕೊಳ್ಳುತ್ತೆ. ಬೆನ್ನು ಬಾಗೋ ಜಾಗದಲ್ಲಿ ಮಲಗಿಸಿದ್ರೆ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳಬಹುದು. ಇದರಲ್ಲಿ ಸದ್ದು ಇರಲ್ಲ, ಅಳು ಇರಲ್ಲ. ಪಕ್ಕದಲ್ಲೇ ಮಲಗಿರೋರಿಗೂ ಗೊತ್ತಾಗಲ್ಲ.

ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 1992ರಲ್ಲಿ ಮಕ್ಕಳನ್ನ ಬೋರಲು ಮಲಗಿಸಬೇಡಿ ಅಂತ ಹೇಳ್ತು. 1994ರಲ್ಲಿ ಅಲ್ಲಿ 'ಬ್ಯಾಕ್ ಟು ಸ್ಲೀಪ್' ಅನ್ನೋ ಆಂದೋಲನ ಶುರುವಾಯ್ತು. ಅಂಗಾತ ಮಲಗಿಸಿ ಅನ್ನೋ ಒಂದು ಸರಳ ಮಾತು, ಅಷ್ಟೇ. ಆಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲೇ ಕಾರಣ ಗೊತ್ತಾಗದೆ ಸಾಯೋ ಶಿಶುಗಳ ಪ್ರಮಾಣ ಅಲ್ಲಿ ಅರ್ಧಕ್ಕಿಂತ ಕೆಳಗೆ ಇಳೀತು. ಇಂಥ ಸಾವುಗಳು ಹೆಚ್ಚು ಆಗೋದು ಒಂದರಿಂದ ನಾಲ್ಕು ತಿಂಗಳ ಒಳಗೆ. ಅಂದ್ರೆ ಸರಿಯಾಗಿ ನಮ್ಮ ಬಾಣಂತನದ ಸಮಯ.

ಅದೇ ಸಂಸ್ಥೆ 2022ರಲ್ಲಿ ಸಲಹೆಗಳನ್ನ ಪರಿಷ್ಕರಿಸ್ತು. ಸಾರಾಂಶ ಹೀಗಿದೆ: ಅಂಗಾತ ಮಲಗಿಸಿ. ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿ ಮಲಗಿಸಿ. ಕನಿಷ್ಠ ಮೊದಲ ಆರು ತಿಂಗಳು ತಂದೆ ತಾಯಿ ಇರೋ ಕೋಣೆಯಲ್ಲೇ ಮಲಗಿಸಿ, ಆದ್ರೆ ಅವರ ಹಾಸಿಗೆಯಲ್ಲಿ ಬೇಡ. ಗಮನಿಸಿ, ಮಗುವನ್ನ ಬೇರೆ ಕೋಣೆಗೆ ಕಳ್ಸಿ ಅಂತ ಯಾರೂ ಹೇಳ್ತಿಲ್ಲ. ನಮ್ಮಮ್ಮನ ಮಾತಲ್ಲಿ ಅರ್ಧ ಸತ್ಯ ಇದೆ. ತಾಯಿ ಹತ್ರಾನೇ ಇರಬೇಕು, ಹಾಸಿಗೆ ಮಾತ್ರ ಬೇರೆ. ಬೆಡ್‌ಸೈಡ್ ಕ್ರಿಬ್ ಹುಟ್ಟಿದ್ದೇ ಈ ಎರಡನ್ನೂ ಒಟ್ಟಿಗೆ ಮಾಡೋಕೆ.

ಹಾಗಂತ ದೊಡ್ಡ ಬ್ರ್ಯಾಂಡ್ ನೋಡಿ ತಗೊಂಡ್ರೆ ಸಾಕಾ? ಸಾಕಾಗಲ್ಲ. ಫಿಶರ್-ಪ್ರೈಸ್ ಕಂಪನಿಯ 'ರಾಕ್ ಎನ್ ಪ್ಲೇ' ಅನ್ನೋ ಇಳಿಜಾರಿನ ಸ್ಲೀಪರ್ ಅಮೆರಿಕದಲ್ಲಿ ಮನೆಮಾತಾಗಿತ್ತು. 30ಕ್ಕೂ ಹೆಚ್ಚು ಶಿಶುಗಳ ಸಾವಿನ ವರದಿ ಬಂದ ಮೇಲೆ, 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಸ್ಲೀಪರ್‌ಗಳನ್ನ ವಾಪಸ್ ಕರೆಸಿಕೊಂಡ್ರು. 2022ರಲ್ಲಿ ಅಲ್ಲಿ ಕಾನೂನೇ ಬಂತು. 10 ಡಿಗ್ರಿಗಿಂತ ಹೆಚ್ಚು ಇಳಿಜಾರು ಇರೋ ಶಿಶು ಸ್ಲೀಪರ್ ಮತ್ತು ಕ್ರಿಬ್ ಸುತ್ತ ಕಟ್ಟೋ ಮೆತ್ತೆಯ ಬಂಪರ್, ಎರಡೂ ನಿಷೇಧ. ಆದ್ರೆ ನಮ್ಮಲ್ಲಿ ಬಂಪರ್ ಸೆಟ್ ಇವತ್ತಿಗೂ ಗಿಫ್ಟ್ ಪ್ಯಾಕ್‌ನಲ್ಲಿ ಬರುತ್ತೆ.

ಸರಿ, ಅಂಗಡಿಗೆ ಹೋಗುವಾಗ ಏನು ಮಾಡ್ಬೇಕು? ಒಂದು ಅಳತೆ ಟೇಪು ಜೇಬಲ್ಲಿ ಇಟ್ಕೊಳ್ಳಿ. ಆದ್ರೆ ಮೊದಲ ಅಳತೆ ಅಂಗಡೀಲಿ ಅಲ್ಲ, ಮನೇಲಿ.

ನಿಮ್ಮ ಮಂಚ ನೋಡಿ. ಹೆಚ್ಚಿನ ಬೆಡ್‌ಸೈಡ್ ಕ್ರಿಬ್‌ಗಳ ಕಾಲು ಮಂಚದ ಕೆಳಗೆ ಸರಿಯಬೇಕು. ನಮ್ಮ ಬೆಂಗಳೂರಿನ ಮನೆಗಳಲ್ಲಿ ಜಾಗ ಉಳಿಸೋಕೆ ಸ್ಟೋರೇಜ್ ಇರೋ ಬಾಕ್ಸ್ ಮಂಚ ಮಾಡಿಸಿರ್ತೀವಿ. ಅದರ ಕೆಳಗೆ ಜಾಗನೇ ಇರಲ್ಲ. ಕ್ರಿಬ್ ಒಂದು ಗೇಣು ದೂರ ನಿಲ್ಲುತ್ತೆ, ಮಧ್ಯೆ ಸಂದಿ ಬೀಳುತ್ತೆ. ಆ ಸಂದಿನೇ ಅಪಾಯ. ದಿಂಬು, ಬೆಡ್‌ಶೀಟ್ ತುರುಕಿ ಸಂದಿ ಮುಚ್ಚೋದು ಇನ್ನೂ ಅಪಾಯ. ಹಾಗೇ ನೆಲದಿಂದ ನಿಮ್ಮ ಹಾಸಿಗೆಯ ಮೇಲ್ಮೈವರೆಗೆ ಅಳತೆ ತಗೊಳ್ಳಿ. ಆ ಎತ್ತರಕ್ಕೆ ಕ್ರಿಬ್ ಹೊಂದಬೇಕು. ನಮ್ಮನೇಲಿ ಇರೋದೂ ಬಾಕ್ಸ್ ಮಂಚವೇ. ಅದಕ್ಕೆ ಅಕ್ಕ ಕಳ್ಸಿದ್ದ ಮಾಡೆಲ್ ಅಲ್ಲೇ ಲಿಸ್ಟಿಂದ ಹೊರಗೆ ಹೋಯ್ತು.

ಎರಡನೇದು, ಕಟ್ಟೋ ಪಟ್ಟಿ. ಕ್ರಿಬ್ ಅನ್ನ ಮಂಚದ ಚೌಕಟ್ಟಿಗೆ ಬಿಗಿಯೋಕೆ ಪಟ್ಟಿ ಬರುತ್ತೆ. ಬಿಗಿದ ಮೇಲೆ ಮಂಚದ ಕಡೆಯಿಂದ ಜೋರಾಗಿ ತಳ್ಳಿ ನೋಡಿ, ಒಂದಿಷ್ಟೂ ಸರಿಯಬಾರದು. ಬಿಗಿಯೋಕೆ ಆಗಲ್ಲ ಅಂದ್ರೆ ಪಕ್ಕದ ಗೋಡೆಯನ್ನ ಪೂರ್ತಿ ಮೇಲೆತ್ತಿ, ಕೈಗೆಟುಕೋ ದೂರದಲ್ಲಿ ಬೇರೆಯಾಗಿ ಇಡಿ. ಅದೂ ಒಳ್ಳೇ ದಾರಿನೇ.

ಮೂರನೇದು, ತಗ್ಗಿಸೋ ಬದಿ. ಯುರೋಪಿನ 2019ರ ಇಎನ್ 1130 ಮಾನದಂಡದ ಪ್ರಕಾರ ತಾಯಿ ಕಡೆಯ ಬದಿಯನ್ನ ತಗ್ಗಿಸಿದಾಗಲೂ ಸುಮಾರು 12 ಸೆಂ.ಮೀ. ಎತ್ತರದ ತಡೆ ಉಳಿಯಬೇಕು. ಮಗು ನಿಮ್ಮ ಕಡೆ ಉರುಳಿ ಬರಬಾರದು, ನಿಮ್ಮ ಹೊದಿಕೆ, ದಿಂಬು ಮಗು ಕಡೆ ಹೋಗಬಾರದು. ಪೂರ್ತಿ ಬಯಲಾಗಿ ತೆರೆದುಕೊಳ್ಳೋ ಮಾಡೆಲ್ ಫೋಟೋದಲ್ಲಿ ಚೆಂದ, ರಾತ್ರಿ ಬೇಡ.

ನಾಲ್ಕನೇದು, ಹಾಸಿಗೆ. ಅಂಗೈ ಇಟ್ಟು ಒತ್ತಿ, ಕೈ ತೆಗೆದ ತಕ್ಷಣ ಹಾಸಿಗೆ ಮೊದಲಿನ ಹಾಗೆ ಆಗಬೇಕು, ಗುಂಡಿ ಉಳಿಯಬಾರದು. ಹಾಸಿಗೆಗೂ ಕ್ರಿಬ್ ಗೋಡೆಗೂ ಮಧ್ಯೆ ಎರಡು ಬೆರಳು ಹೋಗುತ್ತೆ ಅಂದ್ರೆ ಆ ಹಾಸಿಗೆ ಚಿಕ್ಕದಾಯ್ತು. ಕ್ರಿಬ್ ಜೊತೆ ಬಂದ ಹಾಸಿಗೆ ತೆಳ್ಳಗಿದೆ ಅಂತ ಮೇಲೆ ಇನ್ನೊಂದು ಹತ್ತಿ ಹಾಸಿಗೆ ಹಾಕಬೇಡಿ. ಅದು ತೆಳ್ಳಗಿರೋದೇ ಸರಿ.

ಐದನೇದು, ಸರಳುಗಳ ಮಧ್ಯದ ಜಾಗ 6 ಸೆಂ.ಮೀ. ದಾಟಬಾರದು. ದಾಟಿದ್ರೆ ಮಗುವಿನ ಮೈ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳಬಹುದು. ಬದಿಗಳು ಜಾಳಿಗೆ ಬಟ್ಟೆಯದ್ದಾದ್ರೆ ಗಾಳಿಯಾಡುತ್ತೆ, ಆದ್ರೆ ಎಲ್ಲೂ ಹರಿದಿರಬಾರದು, ಸಡಿಲ ಇರಬಾರದು.

ಇಷ್ಟೂ ಪಾಸಾದ ಮೇಲೆ ಕ್ರಿಬ್ ಒಳಗೆ ಏನಿಡಬೇಕು? ಬಿಗಿಯಾಗಿ ಹಾಕಿದ ಒಂದು ಬೆಡ್‌ಶೀಟ್, ಮಗು. ಮುಗೀತು.

ಇಲ್ಲಿ ಮನೆಯವರ ಜೊತೆ ಮಾತು ಶುರುವಾಗುತ್ತೆ. ಮೊದಲ ವಾದ ರಾಗಿ ದಿಂಬಿನದು, ಕೆಲವರ ಮನೇಲಿ ಸಾಸಿವೆ ದಿಂಬು. ತಲೆ ದುಂಡಗಾಗಲಿ ಅಂತ ಇಡ್ತಾರೆ. ಶಿಶುವಿಗೆ ದಿಂಬೇ ಬೇಡ. ತಲೆ ಒಂದು ಕಡೆ ಚಪ್ಪಟೆ ಆಗದ ಹಾಗೆ ಒಂದು ರಾತ್ರಿ ಈ ಕಡೆ ಮುಖ, ಇನ್ನೊಂದು ರಾತ್ರಿ ಆ ಕಡೆ ಮುಖ ಬರೋ ಹಾಗೆ ಮಲಗಿಸಿ. ಎಚ್ಚರ ಇರುವಾಗ, ನೀವು ಎದುರಿಗೆ ಕೂತು, ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸಿ.

ಎರಡನೇದು ಕುಲಾವಿ, ಕಂಬಳಿ. ಹೆಬ್ಬಾಳ ಕಡೆ ಡಿಸೆಂಬರ್‌ನಲ್ಲಿ ಚಳಿ ಇರೋದು ನಿಜ. ಆದ್ರೆ ಮಗು ಮೈ ಕಾವು ಜಾಸ್ತಿ ಆಗೋದೂ ಅಪಾಯನೇ. ನೀವು ಹಾಕ್ಕೊಂಡಿದ್ದಕ್ಕಿಂತ ಒಂದು ಪದರ ಹೆಚ್ಚು ಸಾಕು. ಒಳಗೆ ಮಲಗಿಸುವಾಗ ಕುಲಾವಿ ತೆಗೀರಿ, ಸಡಿಲ ಹೊದಿಕೆ ಹಾಕಬೇಡಿ. ಕೈಕಾಲು ಮುಟ್ಟಿ 'ತಣ್ಣಗಿದೆ' ಅನ್ನಬೇಡಿ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಸೊಳ್ಳೆ ಪರದೆ ಬೇಕೇ ಬೇಕು, ಆದ್ರೆ ಕ್ರಿಬ್ ಹೊರಗೆ ಬಿಗಿಯಾಗಿ ನಿಲ್ಲಬೇಕು, ಒಳಗೆ ಜೋತು ಬೀಳಬಾರದು.

ಮೂರನೇದು ಎಲ್ಲರ ಭಯ: "ಅಂಗಾತ ಮಲಗಿಸಿದ್ರೆ ಹಾಲು ಕಕ್ಕಿ ಉಸಿರು ಕಟ್ಟಲ್ವಾ?" ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತೆ, ಅನ್ನನಾಳ ಕೆಳಗಿರುತ್ತೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಶ್ವಾಸನಾಳಕ್ಕೆ ಹೋಗೋದು ಕಷ್ಟ. ಬೋರಲು ಮಲಗಿದ್ರೆ ಇದು ಉಲ್ಟಾ ಆಗುತ್ತೆ. ಅದಕ್ಕೇ ತಲೆ ಕಡೆ ಎತ್ತರಿಸೋ ಮಾಡೆಲ್‌ಗೆ ಹೆಚ್ಚು ದುಡ್ಡು ಕೊಡೋದು ಬೇಕಿಲ್ಲ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಮ್ಮಿ ಇರೋ ಮಗುವಿನ ವಿಷಯದಲ್ಲಿ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ಇನ್ನು ಕಲಘಟಗಿ ತೊಟ್ಟಿಲು. ಧಾರವಾಡ ಜಿಲ್ಲೆಯ ಆ ಊರಲ್ಲಿ ಚಿತ್ರಗಾರ ಮನೆತನದವರು ಮರದ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣ, ಕೃಷ್ಣನ ಕಥೆ ಬರೆದು ಮಾಡೋ ತೊಟ್ಟಿಲು ಅದು. ತಲೆಮಾರು ಬಾಳುತ್ತೆ. ಅದನ್ನ ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ. ಅಕ್ಕನ ಅತ್ತೆಗೆ ನಾನು ಹೇಳಿದ್ದು ಇಷ್ಟೇ: "ಕಳ್ಸಿ ಅತ್ತೆ, ನಾಮಕರಣ ಅದರಲ್ಲೇ. ಹಗಲು ಯಾರಾದ್ರೂ ಕಣ್ಣಿಟ್ಟು ಕೂತಿದ್ದಾಗ ತೂಗೋಣ. ರಾತ್ರಿ ಎಲ್ರೂ ಮಲಗಿದಾಗ ಮಾತ್ರ ಕ್ರಿಬ್." ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಎದ್ದು ಕುಂದ್ರಾಕಿ ಅಕಿನ, ಅಕಿಗೆ ಹೆಂಗ ಸಲೀಸ ಆಗ್ತದ ಹಂಗ ಮಾಡ್ರಿ" ಅಂದ್ರು. ಇಂಥ ಹಳೇ ತೊಟ್ಟಿಲಿಗೆ ನಡುವೆ ಯಾವಾಗಲಾದ್ರೂ ಎನಾಮಲ್ ಪೇಂಟ್ ಹೊಡೆಸಿದ್ದಾರಾ ಕೇಳಿ. ಮನೆ ಪೇಂಟ್‌ಗಳಲ್ಲಿ ಸೀಸದ ಅಂಶಕ್ಕೆ 90 ಪಿಪಿಎಂ ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದು 2017ರಲ್ಲಿ. ಅದಕ್ಕೂ ಹಳೇ ಪೇಂಟ್ ಪುಡಿ ಉದುರ್ತಿದ್ರೆ ಮಗು ಹತ್ರ ಬೇಡ. ಸೀರೆ ಜೋಲಿಗೂ ಇದೇ ನಿಯಮ, ಇನ್ನೂ ಸ್ವಲ್ಪ ಬಿಗಿ. ಅದರಲ್ಲಿ ಬೆನ್ನು ಬಾಗುತ್ತೆ, ಬಟ್ಟೆ ಮುಖಕ್ಕೆ ಬರುತ್ತೆ. ಜೋಲಿಯಲ್ಲಿ ನಿದ್ದೆ ಹತ್ತಿದ್ರೆ ಎತ್ತಿ ಸಮತಟ್ಟು ಜಾಗಕ್ಕೆ ಮಲಗಿಸಿ.

ಈಗ ದುಡ್ಡಿನ ಲೆಕ್ಕ, ಅದಿಲ್ಲದೆ ನನ್ನ ಎಪಿಸೋಡ್ ಮುಗಿಯಲ್ಲ. ಮಗು ಮಗುಚಿಕೊಳ್ಳೋಕೆ, ಕೈಯೂರಿ ಏಳೋಕೆ ಶುರು ಮಾಡಿದ ದಿನವೇ ಬೆಡ್‌ಸೈಡ್ ಕ್ರಿಬ್ ಕೆಲಸ ಮುಗೀತು. ಅಂದ್ರೆ ಸುಮಾರು ಐದು ತಿಂಗಳು, 150 ರಾತ್ರಿ. 12,000 ರೂಪಾಯಿಯ ಕ್ರಿಬ್ ಅಂತ ಇಟ್ಕೊಳ್ಳಿ, ರಾತ್ರಿಗೆ 80 ರೂಪಾಯಿ. ಆಮೇಲೆ 5,000ಕ್ಕೆ ಮಾರಿದ್ರೆ ರಾತ್ರಿಗೆ 46 ರೂಪಾಯಿ ಚಿಲ್ಲರೆ. ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಜಾಣತನವೇ, ಆದ್ರೆ ಎಲ್ಲಾ ಬೋಲ್ಟು, ಪಟ್ಟಿ, ಮ್ಯಾನುಯಲ್ ಇರಬೇಕು, ಹಾಸಿಗೆ ಕುಸಿದಿರಬಾರದು, ಮಾಡೆಲ್ ಹೆಸರು ಹಾಕಿ ರೀಕಾಲ್ ಆಗಿದೆಯಾ ಅಂತ ಹುಡುಕಬೇಕು. ಒಂದು ಬೋಲ್ಟ್ ಇಲ್ಲ, ದಾರ ಕಟ್ಟಿದ್ದೀವಿ ಅಂದ್ರೆ ಬಿಟ್ಟು ಬನ್ನಿ.

ಅಷ್ಟು ದುಡ್ಡಿಲ್ಲ ಅಂದ್ರೆ ಮಗು ಅಸುರಕ್ಷಿತ ಅಂತಲ್ಲ. ಫಿನ್ಲೆಂಡ್ ಸರ್ಕಾರ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಬಟ್ಟೆಬರೆ ತುಂಬಿದ ಒಂದು ಪೆಟ್ಟಿಗೆ ಕೊಡುತ್ತೆ. ಅದೇ ರಟ್ಟಿನ ಪೆಟ್ಟಿಗೆ, ಒಳಗೊಂದು ಚಿಕ್ಕ ಹಾಸಿಗೆ, ಎಷ್ಟೋ ಮಕ್ಕಳ ಮೊದಲ ಮಂಚ. ನೀವು ನೆಲದ ಮೇಲೆ ಮಲಗೋರಾದ್ರೆ ಪಕ್ಕದಲ್ಲೇ ಮಗುವಿಗೆ ಪ್ರತ್ಯೇಕ ಗಟ್ಟಿ ಹಾಸಿಗೆ ಹಾಕಿ. ನಿಯಮ ಅದೇ: ಗಟ್ಟಿ, ಸಮತಟ್ಟು, ಖಾಲಿ.

ಕೊನೇದಾಗಿ ತಾಯಂದಿರಿಗೆ. ಹಾಲು ಕೊಡ್ತಾ ನಿದ್ದೆ ಬರುತ್ತೆ, ಬಂದೇ ಬರುತ್ತೆ. ಹಾಗೆ ಆಗಬಹುದು ಅನ್ನಿಸಿದ್ರೆ ಸೋಫಾದಲ್ಲಿ ಕೂರಬೇಡಿ, ಅದು ತುಂಬಾ ಅಪಾಯ. ದಿಂಬು, ಹೊದಿಕೆ ಸರಿಸಿದ ಮಂಚವೇ ವಾಸಿ. ಎಚ್ಚರ ಆದ ತಕ್ಷಣ ಮಗುವನ್ನ ಕ್ರಿಬ್‌ಗೆ ಸರಿಸಿ. ಮನೇಲಿ ಯಾರಾದ್ರೂ ಸಿಗರೇಟ್ ಸೇದೋರಿದ್ರೆ, ಕುಡಿದಿದ್ರೆ, ನಿದ್ದೆ ಮಾತ್ರೆ ತಗೊಂಡಿದ್ರೆ, ಅವರ ಪಕ್ಕ ಮಗು ಮಲಗಲೇಬಾರದು. ಇನ್ನು ಮನೆಯ ಗಂಡಸರಿಗೆ ಒಂದು ಕೆಲಸ: ಕ್ರಿಬ್ ಜೋಡಿಸಿದ ದಿನ ಪಟ್ಟಿ ಬಿಗೀರಿ, ಆಮೇಲೆ ವಾರಕ್ಕೊಮ್ಮೆ ಎಳೆದು ನೋಡಿ, ಸಡಿಲ ಆಗಿರುತ್ತೆ.

ನಿಮ್ಮ ಬಳಗದಲ್ಲಿ ಕ್ರಿಬ್ ಗಿಫ್ಟ್ ಕೊಡೋಕೆ ಯಾರಾದ್ರೂ ಯೋಚಿಸ್ತಿದ್ರೆ ಈ ಎಪಿಸೋಡ್ ಅವರಿಗೆ ಕಳ್ಸಿ. ಹಾಗೇ ಆ ಮನೆಯ ಮಂಚದ ಕೆಳಗೆ ಎಷ್ಟು ಜಾಗ ಇದೆ ಅಂತ ಮೊದಲು ಕೇಳೋಕೆ ಹೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.