ಗದ್ದೆಯಲ್ಲಿ ಎದ್ದ ಗಾಲ್ಫ್ ಮೈದಾನ

ಗಾಲ್ಫ್ ಆಟಕ್ಕೆ ಬೇಕಾದವು ಕೋಲು, ಚೆಂಡು ಮತ್ತು ಬಿಡುವು ಎಂಬುದು ಹಲವರ ಭಾವನೆ. ನಾಲ್ಕನೆಯದೂ ಒಂದಿದೆ, ನೀರು. ಪೋರ್ಚುಗಲ್ ದೇಶದ ಮೈದಾನಗಳನ್ನು ಉತ್ತರದಿಂದ ದಕ್ಷಿಣಕ್ಕೆ ನೋಡುತ್ತ ಬಂದರೆ ಈ ಮಾತು ಮನವರಿಕೆಯಾಗುತ್ತದೆ.

ಆ ದೇಶಕ್ಕೆ ಈ ಆಟವನ್ನು ತಂದವರು ಬ್ರಿಟಿಷ್ ವರ್ತಕರು. ಪೋರ್ಟೊ ನಗರದಿಂದ ಪೀಪಾಯಿಗಟ್ಟಲೆ ಪೋರ್ಟ್ ವೈನನ್ನು ಇಂಗ್ಲೆಂಡಿಗೆ ಸಾಗಿಸುತ್ತಿದ್ದ ಇವರು 1890ರಲ್ಲಿ ಸಮೀಪದ ಎಸ್ಪಿನ್ಯೊ ಎಂಬಲ್ಲಿ, ಅಟ್ಲಾಂಟಿಕ್ ಸಾಗರದ ಮರಳು ದಂಡೆಯ ಮೇಲೆ, ಕ್ಲಬ್ ಕಟ್ಟಿದರು. ಯೂರೋಪಿನ ಮುಖ್ಯಭೂಮಿಯ ಅತಿ ಹಳೆಯ ಗಾಲ್ಫ್ ಕ್ಲಬ್‌ಗಳಲ್ಲಿ ಅದೂ ಒಂದು. (1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ ಅದಕ್ಕಿಂತ 14 ವರ್ಷ ಹಿರಿಯದು! ಬ್ರಿಟಿಷರು ಹೋದಲ್ಲೆಲ್ಲ ಅವರ ಆಟವೂ ಹೋಗುತ್ತಿತ್ತು.) ಉತ್ತರದಲ್ಲಿ ಮಳೆ ಧಾರಾಳ, ಹುಲ್ಲಿನ ಚಿಂತೆ ಅಷ್ಟಾಗಿ ಇಲ್ಲ. ಲಿಸ್ಬನ್ ಬಳಿಯ ಎಸ್ಟೊರಿಲ್‌ನಲ್ಲಿ ಸಿರಿವಂತ ವಿಹಾರಿಗಳಿಗಾಗಿ ಮೈದಾನ ಬಂತು.

ದಕ್ಷಿಣದಂಚಿನ ಅಲ್ಗಾರ್ವ್ ಪ್ರಾಂತದ ಕಥೆಯೇ ಬೇರೆ. ಈ ಹೆಸರು 'ಪಶ್ಚಿಮ' ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ಸುಮಾರು ಐದು ಶತಮಾನ ಇಲ್ಲಿ ಆಳಿದ ಮುಸ್ಲಿಮರ ಕಾಲದಲ್ಲಿ, ಪ್ರಾಣಿಗಳು ತಿರುಗಿಸುವ ರಾಟೆಗಳಿಂದ ಬಾವಿಯ ನೀರನ್ನೆತ್ತಿ ತೋಟ ಬೆಳೆಸುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿ ಮಳೆಯೇ ಅಪರೂಪ. ಹೀಗಿದ್ದೂ ಇಲ್ಲಿನ ಮೊದಲ ದೊಡ್ಡ ಮೈದಾನಕ್ಕೆ ಎದುರಾದ ತೊಂದರೆ ನೀರು ಹೆಚ್ಚಾದದ್ದು! ಬ್ರಿಟಿಷ್ ಓಪನ್ ಪಂದ್ಯವನ್ನು ಮೂರು ಬಾರಿ ಗೆದ್ದಿದ್ದ ಹೆನ್ರಿ ಕಾಟನ್, ಪೋರ್ಟಿಮಾವ್ ಪಟ್ಟಣದ ಹತ್ತಿರ ಪೆನಿನಾ ಎಂಬಲ್ಲಿ ಜೌಗು ನೆಲದ ಭತ್ತದ ಗದ್ದೆಯನ್ನೇ ಆರಿಸಿಕೊಂಡ. ನೀರು ಹೀರಲೆಂದು ಸಾವಿರಾರು ನೀಲಗಿರಿ ಸಸಿಗಳನ್ನು ನೆಡಿಸಿದ. 1966ರಲ್ಲಿ ಮೈದಾನ ಸಿದ್ಧವಾಯಿತು. ಅವನ ಕೋಲುಗಳ ಚೀಲ ಹೊರಲು ಪೆಸಿಫಿಕೊ ಎಂಬ ಕತ್ತೆಯಿತ್ತು.

ಅದರ ಹಿಂದಿನ ವರ್ಷವಷ್ಟೇ ಫಾರೊ ಪಟ್ಟಣದಲ್ಲಿ ವಿಮಾನ ನಿಲ್ದಾಣ ತೆರೆದಿತ್ತು. ತಮ್ಮೂರಿನ ಚಳಿಗೆ ಬೇಸತ್ತ ಉತ್ತರ ಯೂರೋಪಿನವರು ಆಟಕ್ಕೆಂದು ಹಾರಿ ಬಂದರು. ಅಲ್ಗಾರ್ವ್‌ನಲ್ಲಿ ಈಗ ಸುಮಾರು 40 ಮೈದಾನಗಳಿವೆ. ಹೋಟೆಲು, ಮನೆ, ಉದ್ಯೋಗ ಎಲ್ಲವೂ ಅವುಗಳ ಸುತ್ತ ಬೆಳೆದಿವೆ.

ಆದರೆ ಮಳೆ ಸತತವಾಗಿ ಕೈಕೊಟ್ಟು ಜಲಾಶಯಗಳು ಬತ್ತಿದಾಗ, 2024ರ ಆರಂಭದಲ್ಲಿ ಸರ್ಕಾರವು ಕೃಷಿಯ ನೀರಿಗೆ ಶೇ. 25, ಪ್ರವಾಸೋದ್ಯಮವೂ ಸೇರಿದ ನಗರ ಬಳಕೆಗೆ ಶೇ. 15 ಕಡಿತವನ್ನು ಘೋಷಿಸಿತು. ಕೃಷಿಕರು ಸಿಟ್ಟಾದರು. ಒಣಗಿದ ಕಿತ್ತಳೆ ಮರ ಮತ್ತೆ ಫಲ ಕೊಡಲು ವರ್ಷಗಳೇ ಬೇಕು, ಹುಲ್ಲಿಗೆ ಹಾಗಲ್ಲ. ಒಟ್ಟು ನೀರಿನಲ್ಲಿ ಸಿಂಹಪಾಲು ಕೃಷಿಯದೇ ಎಂಬ ಗಾಲ್ಫ್ ಪಕ್ಷದ ವಾದವೂ ಸುಳ್ಳಲ್ಲ. ಆದರೆ ಬರಗಾಲದಲ್ಲಿ ಕಣ್ಣಿಗೆ ಬೀಳುವುದು ಹಸಿರು ಮೈದಾನವೇ. ಮುಂದೆ ಮಳೆ ಬಂದು, ಅದೇ ವರ್ಷ ಕಡಿತ ಸಡಿಲಗೊಂಡಿತು.

ಈಗ ಕೆಲವು ಮೈದಾನಗಳು ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸುತ್ತಿವೆ. ತಂಪು ದೇಶದ ಹುಲ್ಲನ್ನು ಕಿತ್ತು, ಬಿಸಿಲನ್ನೂ ಉಪ್ಪನ್ನೂ ತಾಳುವ ಬರ್ಮುಡಾ ಹುಲ್ಲನ್ನು ಹಾಕುತ್ತಿವೆ. ಗಣಪತಿಗೆ ಏರಿಸುವ ನಮ್ಮ ಗರಿಕೆ ಇದೇ ಜಾತಿಯದು.