ಮೂರು ಮೀಟರ್ ಪೈಪ್‌ನ ಕತೆ: ಇ20 ಪೆಟ್ರೋಲ್ ಮತ್ತು ನಮ್ಮ ನಾಡದೋಣಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ವಿಷಯ ಕೇಳಿ ನಗಬೇಡಿ. ಇವತ್ತು ಮಾತಾಡ್ತಿರೋದು ಒಂದು ರಬ್ಬರ್ ಪೈಪ್ ಬಗ್ಗೆ. ದೋಣಿಯ ಪೆಟ್ರೋಲ್ ಟ್ಯಾಂಕ್‌ನಿಂದ ಔಟ್‌ಬೋರ್ಡ್ ಎಂಜಿನ್‌ಗೆ ಹೋಗುತ್ತಲ್ಲ, ಆ ಪೈಪ್.

ಯಾಕೆ ಅಂದ್ರೆ, ಆ ಪೈಪ್‌ನಿಂದಾಗಿ ನಮ್ಮ ಮಾವ ಒಂದು ಬೆಳಿಗ್ಗೆ ಗಂಗೊಳ್ಳಿ ಅಳಿವೆಯ ಬಾಯಲ್ಲಿ ಎಂಜಿನ್ ಇಲ್ಲದೆ ನಿಂತಿದ್ರು.

ಕರಾವಳಿಯವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಒಂದೆರಡು ವಾಕ್ಯ. ಅಳಿವೆ ಅಂದ್ರೆ ನದಿ ಸಮುದ್ರ ಸೇರುವ ಜಾಗ. ಅಲ್ಲಿ ಮರಳಿನ ದಿಬ್ಬ ಇರ್ತದೆ, ಹೊಳೆ ನೀರು ಹೊರಗೆ ತಳ್ತದೆ, ಸಮುದ್ರದ ಅಲೆ ಒಳಗೆ ತಳ್ತದೆ. ದೋಣಿಯ ಮೂತಿ ಅಲೆಗೆ ಸರಿಯಾಗಿ ಇರಬೇಕು ಅಂದ್ರೆ ಎಂಜಿನ್ ಓಡ್ತಾ ಇರಬೇಕು. ಎಂಜಿನ್ ನಿಂತ್ರೆ ದೋಣಿ ಅಡ್ಡ ತಿರುಗ್ತದೆ, ಅಡ್ಡ ತಿರುಗಿದ್ರೆ ಮಗುಚ್ತದೆ. ಅವತ್ತು ಪಕ್ಕದಲ್ಲೇ ಬರ್ತಿದ್ದ ಇನ್ನೊಂದು ದೋಣಿಯವರು ಹಗ್ಗ ಎಸೆದ್ರು. ನಾಲ್ಕು ಜನ ಮನೆಗೆ ಬಂದ್ರು. ಹಾಗಾಗಿ ಇದನ್ನ ಕತೆ ಅಂತ ಹೇಳೋಕೆ ಆಗ್ತಿದೆ.

ಆಮೇಲೆ ರಿಪೇರಿ ಶುರುವಾಯ್ತು. ಕಾರ್ಬೊರೇಟರ್ ಬಿಚ್ಚಿ ತೊಳೆದ್ರು. ಎರಡು ದಿನ ಚೆನ್ನಾಗಿತ್ತು. ಮತ್ತೆ ಅದೇ ರೋಗ: ನಿಧಾನ ಹೋದ್ರೆ ಸರಿ, ಜೋರು ಕೊಟ್ರೆ ಉಸಿರು ಕಟ್ಟಿದ ಹಾಗೆ. ಪ್ಲಗ್ ಬದಲಾಯಿಸಿದ್ರು. ಮತ್ತೆ ಕಾರ್ಬೊರೇಟರ್. ನಾಲ್ಕು ಸಾವಿರ ಚಿಲ್ಲರೆ ಖರ್ಚಾಯ್ತು. ಕೊನೆಗೆ ಹಳೆ ಮೆಕ್ಯಾನಿಕ್ ಒಬ್ಬರು ಬಂದ್ರು. ಎಂಜಿನ್ ಮುಚ್ಚಳ ತೆಗೀಲೇ ಇಲ್ಲ. ಪೈಪ್ ಕೈಯಲ್ಲಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿದ್ರು. ಮೇಲ್ಮೈ ತುಂಬ ಸಣ್ಣ ಸಣ್ಣ ಬಿರುಕು. "ಎಂಜಿನ್‌ಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ಪೈಪ್ ಸತ್ತಿದೆ" ಅಂದ್ರು.

ನನ್ನ ಮೊದಲ ಪ್ರಶ್ನೆ, ನಿಮಗೂ ಬಂದಿರಬಹುದು: ಬಿರುಕು ಬಿಟ್ಟಿದ್ರೆ ಪೆಟ್ರೋಲ್ ಸೋರಬೇಕಿತ್ತಲ್ಲ? ಒಂದು ಹನಿಯೂ ಕಂಡಿರಲಿಲ್ಲ.

ಇದು ಇವತ್ತಿನ ಸಂಚಿಕೆಯಲ್ಲಿ ನೆನಪಿಡಬೇಕಾದ ಮೊದಲ ಸಂಗತಿ. ಔಟ್‌ಬೋರ್ಡ್‌ನಲ್ಲಿ ಪೆಟ್ರೋಲ್ ಪಂಪ್ ಇರೋದು ಎಂಜಿನ್ ಒಳಗೆ. ಅದು ಟ್ಯಾಂಕ್‌ನಿಂದ ಪೆಟ್ರೋಲನ್ನ ಎಳ್ಕೊಳ್ತದೆ. ನಾವು ಸ್ಟ್ರಾದಲ್ಲಿ ಎಳನೀರು ಎಳೆಯೋ ಹಾಗೆ. ಸ್ಟ್ರಾಗೆ ತೂತು ಬಿದ್ರೆ ಏನಾಗ್ತದೆ? ಎಳನೀರು ಹೊರಗೆ ಸುರಿಯಲ್ಲ, ಬಾಯಿಗೆ ಬರೀ ಗಾಳಿ ಬರ್ತದೆ. ಪೈಪ್‌ದೂ ಅದೇ ಕತೆ. ನಿಧಾನ ಓಡುವಾಗ ಬೇಕಾದ ಪೆಟ್ರೋಲ್ ಕಮ್ಮಿ, ಹೇಗೋ ಸುಧಾರಿಸ್ತದೆ. ಜೋರು ಕೊಟ್ಟಾಗ ಎಳೆತ ಹೆಚ್ಚು, ಬಿರುಕಲ್ಲಿ ಗಾಳಿ ನುಗ್ತದೆ, ಎಂಜಿನ್ ಸಾಯ್ತದೆ. ಜೋರು ಕೊಡೋದು ಯಾವಾಗ? ಅಳಿವೆ ದಾಟುವಾಗ.

ಸರಿ, ಪೈಪ್ ಯಾಕೆ ಸತ್ತಿತು? ಹಿಂದಿನ ಪೈಪ್ ವರ್ಷಗಟ್ಟಲೆ ಬಂದಿತ್ತು, ಇದು ಎರಡು ಮಳೆಗಾಲ ಕೂಡ ಬರಲಿಲ್ಲ. ಅದೇ ಅಂಗಡಿ, ಅದೇ ಥರದ ಪೈಪ್. ಬದಲಾಗಿದ್ದು ಒಳಗೆ ಹರಿಯೋ ಎಣ್ಣೆ.

ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಬಹಳ ಕಾಲ ಓಡಿದ್ದು ಸೀಮೆಎಣ್ಣೆ ಎಂಜಿನ್. ಸ್ಟಾರ್ಟ್ ಮಾಡೋಕೆ ಸ್ವಲ್ಪ ಪೆಟ್ರೋಲ್, ಬಿಸಿಯಾದ ಮೇಲೆ ಸೀಮೆಎಣ್ಣೆ. ಈಗ ಸಬ್ಸಿಡಿ ಸೀಮೆಎಣ್ಣೆ ಸಿಗೋದೇ ಕಷ್ಟ ಅಂತ ಒಬ್ಬೊಬ್ಬರೇ ಪೆಟ್ರೋಲ್ ಎಂಜಿನ್ ಕಡೆ ಹೊರಳ್ತಿದ್ದಾರೆ. ನಮ್ಮ ಮಾವನೂ ಹಾಗೇ ಹೊರಳಿದ್ದು. ಇದೇ ಸಮಯದಲ್ಲಿ ಪೆಟ್ರೋಲ್ ಕೂಡ ಮೊದಲಿನ ಪೆಟ್ರೋಲ್ ಆಗಿ ಉಳೀಲಿಲ್ಲ. ದೇಶದಲ್ಲಿ ಶೇ 10 ಎಥೆನಾಲ್ ಬೆರೆಸುವ ಗುರಿ 2022ರಲ್ಲಿ ಮುಟ್ಟಿತು. ಶೇ 20 ಬೆರೆಸಿದ ಇ20 ಪೆಟ್ರೋಲ್ ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿಯಲ್ಲಿ. 2030ಕ್ಕೆ ಅಂತಿದ್ದ ಶೇ 20ರ ಗುರಿಯನ್ನ ಹಿಂದಕ್ಕೆ ತಂದು 2025ರಲ್ಲೇ ಮುಟ್ಟಿದ್ರು. ಎಥೆನಾಲ್ ಒಳ್ಳೇದೋ ಕೆಟ್ಟದ್ದೋ ಅನ್ನೋ ಜಗಳ ಇವತ್ತು ಬೇಡ. ಕಬ್ಬು, ಮೆಕ್ಕೆಜೋಳ ಬೆಳೆಯೋರ ಕಡೆಯಿಂದ ನೋಡಿದ್ರೆ ಅದು ಬೇರೆಯದೇ ಸಂಚಿಕೆ. ನಮ್ಮ ವಿಷಯ ಪೈಪ್.

ಎಥೆನಾಲ್ ಪೈಪ್‌ಗೆ ಏನು ಮಾಡ್ತದೆ? ರಬ್ಬರನ್ನ, ಪ್ಲಾಸ್ಟಿಕ್ಕನ್ನ ಮೆತ್ತಗೆ ಇಡೋಕೆ ಅಂತ ತಯಾರಿಸುವಾಗ ಅದರಲ್ಲಿ ಕೆಲವು ಎಣ್ಣೆಯಂಥ ಪದಾರ್ಥ ಸೇರಿಸಿರ್ತಾರೆ. ಎಥೆನಾಲ್ ಅದನ್ನ ಕರಗಿಸಿ ಹೊರಗೆ ಎಳೀತದೆ. ಪೆಟ್ರೋಲ್ ಒಳಗಿರುವಾಗ ಸಾಧಾರಣ ರಬ್ಬರ್ ಊದ್ಕೊಳ್ತದೆ. ದೋಣಿ ಕೆಲವು ವಾರ ದಡದಲ್ಲಿ ನಿಂತು ಪೈಪ್ ಒಣಗಿದ್ರೆ ಅದೇ ರಬ್ಬರ್ ಕುಗ್ಗಿ, ಗಟ್ಟಿಯಾಗಿ, ಒಡೀತದೆ. ಮೇಲಿಂದ ನಮ್ಮ ಬಿಸಿಲು, ಉಪ್ಪುಗಾಳಿ. ಸೀಮೆಎಣ್ಣೆಯಲ್ಲಿ ಎಥೆನಾಲ್ ಇಲ್ಲ. ಅದಕ್ಕೇ ಹಳೆ ಪೈಪ್ ಬಾಳಿತು. ಕೆಲವರು ಪೆಟ್ರೋಲ್ ಕಾಣ್ಲಿ ಅಂತ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಹಾಕ್ತಾರಲ್ಲ, ಅದು ಇನ್ನೂ ಬೇಗ ಹಳದಿಯಾಗಿ ಕಡ್ಡಿಯ ಹಾಗಾಗ್ತದೆ. ದಯವಿಟ್ಟು ಬೇಡ.

ಇನ್ನೊಂದು ವ್ಯತ್ಯಾಸ ಇದೆ, ಇದನ್ನ ದೋಣಿಯಲ್ಲಿರೋ ಎಲ್ಲರಿಗೂ ಹೇಳಿ. ಸೀಮೆಎಣ್ಣೆ ಕಿಡಿಗೆ ಹತ್ತಿಕೊಳ್ಳೋಕೆ ಅದು ಸುಮಾರು 35 ಡಿಗ್ರಿಗಿಂತ ಮೇಲೆ ಬಿಸಿಯಾಗಬೇಕು. ಪೆಟ್ರೋಲ್ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೂ ಹತ್ತಿಕೊಳ್ಳುವಷ್ಟು ಆವಿ ಬಿಡ್ತದೆ. ಆ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರ್ತದೆ. ಸೀಮೆಎಣ್ಣೆ ಸೋರಿದ್ರೆ ವಾಸನೆ ಬರ್ತಿತ್ತು. ಪೆಟ್ರೋಲ್ ಸೋರಿದ್ರೆ, ಒಂದು ಬೀಡಿ ಸಾಕು.

ಈಗ ಮುಖ್ಯ ಮಾತು: ಪೈಪ್ ಆರಿಸೋದು ಹೇಗೆ?

ಅಂಗಡಿಗೆ ಹೋಗಿ "ಪೆಟ್ರೋಲ್ ಪೈಪ್ ಕೊಡಿ" ಅನ್ನಬೇಡಿ. ಪೈಪ್ ಮೈಮೇಲೆ ಏನು ಅಚ್ಚಾಗಿದೆ ಅಂತ ಓದಿ. ಒಳ್ಳೆ ಪೈಪ್ ತನ್ನ ಹೆಸರು, ಗುಣಮಟ್ಟ, ತಯಾರಾದ ವರ್ಷ ಎಲ್ಲವನ್ನ ಮೈಮೇಲೆ ಬರ್ಕೊಂಡಿರ್ತದೆ. ದೋಣಿಯ ಇಂಧನ ಪೈಪ್‌ಗೆ ಹುಡುಕಬೇಕಾದ ಗುರುತು ಎಸ್‌ಎಇ ಜೆ1527. ಅದರ ಪಕ್ಕ ಒಂದು ಅಕ್ಷರ, ಒಂದು ಅಂಕಿ ಇರ್ತದೆ. ಅಕ್ಷರ ಎ ಅಂದ್ರೆ ಬೆಂಕಿಯಲ್ಲಿ ಎರಡೂವರೆ ನಿಮಿಷ ತಡೆಯೋ ಪರೀಕ್ಷೆ ಪಾಸಾದ ಪೈಪ್, ಬಿ ಅಂದ್ರೆ ಆ ಪರೀಕ್ಷೆ ಇಲ್ಲದ್ದು. ಅಂಕಿ 1 ಅಂದ್ರೆ ಸದಾ ಇಂಧನ ತುಂಬಿರುವ ಜಾಗಕ್ಕೆ ಸೂಕ್ತ. 2 ಅಂದ್ರೆ ಟ್ಯಾಂಕ್ ತುಂಬಿಸುವ ಪೈಪ್‌ನಂತೆ ಆಗಾಗ ಮಾತ್ರ ಇಂಧನ ಹರಿಯುವ ಜಾಗಕ್ಕೆ. ಟ್ಯಾಂಕ್‌ನಿಂದ ಔಟ್‌ಬೋರ್ಡ್‌ಗೆ ಹೋಗುವ ಪೈಪ್‌ಗೆ ಬಿ1-15 ನಡೀತದೆ. ಮುಚ್ಚಿದ ಡೆಕ್ ಕೆಳಗೆ ಪೈಪ್ ಹೋಗೋದಿದ್ರೆ ಎ1-15 ನೋಡಿ.

ಆ ಕೊನೆಯ 15 ಏನು? ಪೈಪ್‌ನ ಗೋಡೆಯ ಮೂಲಕವೇ ಪೆಟ್ರೋಲ್ ಆವಿ ಸ್ವಲ್ಪ ಸ್ವಲ್ಪ ಹೊರಗೆ ಹೋಗ್ತಾ ಇರ್ತದೆ. ಒಂದು ಚದರ ಮೀಟರ್ ಗೋಡೆಯಿಂದ ಒಂದು ದಿನಕ್ಕೆ 15 ಗ್ರಾಂಗಿಂತ ಹೆಚ್ಚು ಹೋಗಬಾರದು ಅನ್ನೋದು ಅದರ ಅರ್ಥ. ಹಳೆ ಮಾದರಿಯಲ್ಲಿ ಇದೇ ಮಿತಿ 100 ಗ್ರಾಂ ಇತ್ತು. ಅಮೆರಿಕದಲ್ಲಿ 2009ರಿಂದ ಹೊಸ ದೋಣಿಗಳಿಗೆ 15ರ ಪೈಪೇ ಬೇಕು ಅಂತ ನಿಯಮ ಆಯ್ತು. ಇದಕ್ಕಾಗಿ ಒಳಗಡೆ ಎಥೆನಾಲ್‌ಗೆ ಬಗ್ಗದ ಒಂದು ತೆಳು ಪದರ ಹಾಕ್ತಾರೆ, ಫ್ಲೋರೋ ಜಾತಿಯ ರಬ್ಬರ್ ಅಥವಾ ಪ್ಲಾಸ್ಟಿಕ್‌ದು. ನಮಗೆ ಬೇಕಾಗಿರೋದು ಆ ಪದರ.

ಆದ್ರೆ ಒಂದು ಎಚ್ಚರಿಕೆ. ಈ 15ರ ಪರೀಕ್ಷೆ ನಡೆಸೋದು ಶೇ 10 ಎಥೆನಾಲ್ ಇರೋ ಇಂಧನದಲ್ಲಿ. ನಮ್ಮ ಬಂಕಿನಲ್ಲಿರೋದು 20. ಹಾಗಾಗಿ ಗುರುತು ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಇ20ಗೆ ಆಗ್ತದಾ? ಕಂಪನಿ ಹಾಗಂತ ಬರೆದಿದೆಯಾ?" ಬಾಯಿಮಾತು ಬೇಡ, ಕಂಪನಿಯ ಮಾಹಿತಿ ಹಾಳೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋಕೆ ಹೇಳಿ. ಯುರೋಪಿನ ಪೈಪ್ ಆದ್ರೆ ಐಎಸ್‌ಒ 7840 ಅಂದ್ರೆ ಬೆಂಕಿ ತಡೆಯೋದು, ಐಎಸ್‌ಒ 8469 ಅಂದ್ರೆ ಆ ಗುಣ ಇಲ್ಲದ್ದು.

"ಕಾರಿನ ಪೈಪ್ ಹಾಕಿದ್ರೆ ಆಗಲ್ವಾ?" ಅಂತ ಮಾವ ಕೇಳಿದ್ರು. ಕಾರಿನ ಪೈಪ್‌ಗಳಲ್ಲಿ ಎಸ್‌ಎಇ 30ಆರ್9 ಅನ್ನೋದು ಎಥೆನಾಲನ್ನ ಸಾಧಾರಣ 30ಆರ್7ಗಿಂತ ಚೆನ್ನಾಗಿ ತಡೀತದೆ. ಆದ್ರೆ ಕಾರಿನ ಪೈಪ್ ಬಾನೆಟ್ ಕೆಳಗೆ ನೆರಳಲ್ಲಿರ್ತದೆ, ನಮ್ಮದು ಬಿಸಿಲಲ್ಲಿ, ಉಪ್ಪುನೀರಲ್ಲಿ, ಕಾಲಡಿಯಲ್ಲಿ ಇರ್ತದೆ. ತುರ್ತಿಗೆ ಸರಿ, ಖಾಯಂಗೆ ದೋಣಿಯ ಪೈಪೇ.

ಅಳತೆ ಕೂಡ ಮುಖ್ಯ. ಸಣ್ಣ ಎಂಜಿನ್‌ಗೆ ಸಾಮಾನ್ಯವಾಗಿ ಒಳವ್ಯಾಸ ಕಾಲು ಇಂಚು ಅಥವಾ 5/16 ಇಂಚು, ದೊಡ್ಡದಕ್ಕೆ 3/8. ಎಂಜಿನ್ ಪುಸ್ತಕದಲ್ಲಿ ಇರೋದಕ್ಕಿಂತ ಸಣ್ಣದು ಹಾಕಬೇಡಿ. ಕ್ಲಾಂಪ್ ಸ್ಟೀಲ್‌ದೇ ಇರಲಿ, ತುಕ್ಕು ಹಿಡಿಯೋ ತಂತಿ ಸುತ್ತಬೇಡಿ. ಮತ್ತೆ, ಪೈಪ್ ಮಾತ್ರ ಬದಲಾಯಿಸಿ ಹಳೆ ಬಲ್ಬ್ ಉಳಿಸ್ಕೋಬೇಡಿ. ಕೈಯಲ್ಲಿ ಒತ್ತುವ ಆ ಪ್ರೈಮರ್ ಬಲ್ಬ್ ಕೂಡ ರಬ್ಬರೇ, ಕನೆಕ್ಟರ್ ಒಳಗಿನ ಓ-ರಿಂಗ್ ಕೂಡ ರಬ್ಬರೇ. ಎಥೆನಾಲ್ ಯಾರನ್ನೂ ಬಿಡಲ್ಲ.

ಈಗ ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆ. ಖರ್ಚು ಸೊನ್ನೆ.

ಒಂದು, ಒಣ ಬಟ್ಟೆಯಲ್ಲಿ ಪೈಪನ್ನ ಉದ್ದಕ್ಕೂ ಒರೆಸಿ ಮೂಸಿ ನೋಡಿ. ಬಟ್ಟೆಗೆ ಪೆಟ್ರೋಲ್ ವಾಸನೆ ಬಂತಾ, ಪೈಪ್ ಬದಲಾಯಿಸಿ. ಎರಡು, ಬಗ್ಗಿಸಿ, ಹಿಂಡಿ ನೋಡಿ. ಬಿರುಕು ಕಂಡ್ರೂ ಹೋಯ್ತು, ಕಡ್ಡಿಯ ಹಾಗೆ ಗಟ್ಟಿಯಾಗಿದ್ರೂ ಹೋಯ್ತು, ಅಂಟಂಟಾಗಿ ಮೆತ್ತಗಾಗಿದ್ರೂ ಹೋಯ್ತು. ಮೂರು, ಬಲ್ಬನ್ನ ಬಾಣದ ಗುರುತು ಮೇಲೆ, ಎಂಜಿನ್ ಕಡೆ ಬರೋ ಹಾಗೆ ನೆಟ್ಟಗೆ ಹಿಡಿದು ಒತ್ತಿ. ಗಟ್ಟಿಯಾಗಬೇಕು, ಸ್ವಲ್ಪ ಹೊತ್ತು ಗಟ್ಟಿಯಾಗೇ ಇರಬೇಕು. ಎಷ್ಟು ಒತ್ತಿದ್ರೂ ಗಟ್ಟಿಯಾಗದಿದ್ರೆ ಟ್ಯಾಂಕ್ ಕಡೆಯಿಂದ ಗಾಳಿ ಬರ್ತಿರಬಹುದು, ಇಲ್ಲವೇ ಬಲ್ಬಿನ ವಾಲ್ವ್ ಹೋಗಿರಬಹುದು. ಗಟ್ಟಿಯಾದ ಮೇಲೆ ಎಂಜಿನ್ ಕಡೆಯ ಪೈಪ್‌ನಲ್ಲಿ ಒತ್ತಡ ಇರ್ತದೆ. ಓಡುವಾಗ ಅಡಗಿದ್ದ ಬಿರುಕು ಈಗ ಹನಿ ತೋರಿಸ್ತದೆ. ಮಾವನ ಪೈಪ್ ಕೂಡ ಹೀಗೇ ಸಿಕ್ಕಿಬಿತ್ತು.

ನಾನು ಬಿಕಾಂ ಓದಿದವನು, ಲೆಕ್ಕ ಹೇಳದೆ ಬಿಡಲ್ಲ. ಬೆಲೆ ಊರಿಗೊಂದು, ಹಾಗಾಗಿ ಉದಾಹರಣೆಗೆ ಅಂತ ಇಟ್ಕೊಳ್ಳಿ: ಸಾದಾ ಪೈಪ್ ಮೂರು ಮೀಟರ್‌ಗೆ 500 ರೂಪಾಯಿ, ಒಂದು ವರ್ಷ ಬರ್ತದೆ. ಒಳ್ಳೆ ಪೈಪ್, ಬಲ್ಬ್, ಕ್ಲಾಂಪ್ ಸೇರಿ 3,000, ಐದು ವರ್ಷ ಬರ್ತದೆ. ವರ್ಷಕ್ಕೆ 500 ಎದುರು 600. ನೂರು ರೂಪಾಯಿ ವ್ಯತ್ಯಾಸ. "ಮತ್ತೆ ಸಾದಾದೇ ಅಗ್ಗ ಅಲ್ವಾ" ಅಂತೀರಿ. ಲೆಕ್ಕದ ಪುಸ್ತಕದಲ್ಲಿ ಹೌದು. ಆದ್ರೆ ಸಾದಾ ಪೈಪ್ ತಾನು ಸಾಯೋ ದಿನ ಯಾವುದು ಅಂತ ಮೊದಲೇ ಹೇಳಲ್ಲ. ಒಂದು ದಿನದ ಮೀನು, ನಾಲ್ಕು ಸಾವಿರದ ಬೇಡದ ರಿಪೇರಿ, ಅಳಿವೆಯಲ್ಲಿ ನಾಲ್ಕು ಜನ. ಇದನ್ನ ಯಾವ ಕಾಲಂನಲ್ಲಿ ಬರೀತೀರಿ?

ಪೈಪ್ ಒಂದರಿಂದ ಎಲ್ಲ ಮುಗೀತು ಅಂತಲೂ ಅಲ್ಲ. ಎಥೆನಾಲ್ ನೀರನ್ನ ಎಳ್ಕೊಳ್ತದೆ. ನೀರು ಮಿತಿ ಮೀರಿದ್ರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಟ್ಯಾಂಕ್ ತಳಕ್ಕೆ ಇಳೀತದೆ, ಪೈಪ್ ಎಳೆಯೋದೂ ತಳದಿಂದಲೇ. ಟೂ-ಸ್ಟ್ರೋಕ್ ಎಂಜಿನ್ ಆದ್ರೆ ಆ ನೀರಿನ ಪದರದಲ್ಲಿ ಆಯಿಲ್ ಇರಲ್ಲ, ಪಿಸ್ಟನ್‌ಗೇ ಪೆಟ್ಟು. ಹಾಗಾಗಿ ನೀರು ಬೇರ್ಪಡಿಸುವ ಫಿಲ್ಟರ್ ಒಂದು ಹಾಕಿಸಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನ ದೋಣಿಗೆ ಬಳಸಬೇಡಿ. ಹೊಸದಾಗಿ ಇ20 ತುಂಬಿಸುವವರಿಗೆ ಹಳೆ ಟ್ಯಾಂಕ್‌ನ ಗಸಿ ಕರಗಿ ಬಂದು ಫಿಲ್ಟರ್ ಕಟ್ಟಬಹುದು, ಮೊದಲ ಕೆಲವು ಸಲ ಫಿಲ್ಟರ್ ನೋಡ್ತಾ ಇರಿ. ಎಂಜಿನ್ ಪುಸ್ತಕವನ್ನೂ ಒಮ್ಮೆ ತೆರೀರಿ. ಹೆಚ್ಚಿನ ಔಟ್‌ಬೋರ್ಡ್‌ಗಳ ಪುಸ್ತಕದಲ್ಲಿ ಎಥೆನಾಲ್ ಮಿತಿ ಶೇ 10 ಅಂತ ಇರ್ತದೆ. ನಿಮ್ಮದರಲ್ಲಿ ಹಾಗಿದ್ರೆ ಇ20 ಬಗ್ಗೆ ಮಾರಿದವರಿಂದ ಲಿಖಿತ ಉತ್ತರ ಕೇಳಿ. ನಾಳೆ ವಾರಂಟಿ ಮಾತು ಬಂದಾಗ ಅದೇ ಕೈಹಿಡಿಯೋದು.

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ನಿಷೇಧ, ಸಮುದ್ರ ನಾಡದೋಣಿಯವರದ್ದು. ಅದೇ ಸಮಯದಲ್ಲಿ ಅಳಿವೆ ಅತಿ ಹೆಚ್ಚು ಕೆರಳಿರ್ತದೆ. ಹಾಗಾಗಿ ಮಾವ ಈಗ ಒಂದು ಪದ್ಧತಿ ಮಾಡ್ಕೊಂಡಿದ್ದಾರೆ: ಮೇ ತಿಂಗಳ ಕೊನೆಯ ವಾರ ಬಲೆ ನೋಡುವ ದಿನವೇ ಪೈಪ್ ನೋಡುವ ದಿನ. ಹಳೆ ಪೈಪಿನ ಒಂದು ತುಂಡನ್ನ ಶೆಡ್ಡಿನ ಗೋಡೆಗೆ ನೇತು ಹಾಕಿದ್ದಾರೆ. ಯಾರಾದ್ರೂ ಕೇಳಿದ್ರೆ ಬಗ್ಗಿಸಿ ತೋರಿಸ್ತಾರೆ.

ನಿಮ್ಮ ಮನೆಯಲ್ಲಿ, ನೆರೆಯಲ್ಲಿ ದೋಣಿ ಇರೋರು ಇದ್ರೆ ಈ ಸಂಚಿಕೆ ಕಳಿಸಿ. ಕೇಳೋಕೆ ಪುರುಸೊತ್ತಿಲ್ಲ ಅಂದ್ರೆ ಬಟ್ಟೆಯ ಪರೀಕ್ಷೆ ಒಂದನ್ನಾದ್ರೂ ಬಾಯಲ್ಲಿ ಹೇಳಿ. ಮುಂದಿನ ವಾರ ಸಿಗೋಣ. ಹುಷಾರಾಗಿ ಹೋಗಿ, ಹುಷಾರಾಗಿ ಬನ್ನಿ.