ಕ್ರೈಸ್ತ ಧರ್ಮದಲ್ಲಿ ನಂಬಿಕೆಯೂ ಸತ್ಕ್ರಿಯೆಯೂ



ಮನುಷ್ಯನಿಗೆ ಮುಕ್ತಿಯು ನಂಬಿಕೆಯಿಂದಲೋ ಸತ್ಕ್ರಿಯೆಯಿಂದಲೋ ಎಂಬ ಪ್ರಶ್ನೆಯು ಪಶ್ಚಿಮದ ಕ್ರೈಸ್ತ ಸಮಾಜವನ್ನು ಇಬ್ಭಾಗ ಮಾಡಿತು. ಇದನ್ನು ಪಂಡಿತರ ವಾಗ್ವಾದವೆಂದು ಬದಿಗೊತ್ತುವದು ಉಚಿತವಲ್ಲ. ಹಸಿದು ಬಾಗಿಲಿಗೆ ಬಂದವನ ಗತಿಯೇನು, ಯಾವ ಪುಣ್ಯವನ್ನೂ ಗಳಿಸದೆ ಮರಣಕ್ಕೆ ಸಮೀಪಿಸಿದವನ ಗತಿಯೇನು ಎಂಬ ಎರಡು ಸಂಕಟಗಳು ಇದರ ಗರ್ಭದಲ್ಲಿವೆ.

ಹೊಸ ಒಡಂಬಡಿಕೆಯಲ್ಲಿಯೇ ಎರಡು ಪತ್ರಿಕೆಗಳು ಈ ವಿಷಯದಲ್ಲಿ ಒಂದಕ್ಕೊಂದು ಎದುರಾಗಿ ತೋರುವವು. ಒಂದು ಪೌಲನು ರೋಮಾಪುರದ ಸಭೆಗೆ ಬರೆದುದು; ಇನ್ನೊಂದು ಯಾಕೋಬನ ಹೆಸರಿನದು. ಸೋಜಿಗವೆಂದರೆ, ಇಬ್ಬರೂ ಸಾಕ್ಷಿಗೆ ಕರೆಯುವವನು ಒಬ್ಬನೇ, ಯೆಹೂದ್ಯರ ಮೂಲಪುರುಷನಾದ ಅಬ್ರಹಾಮನು. ಮಕ್ಕಳಿಲ್ಲದೆ ಮುಪ್ಪಡಸಿದ ಅಬ್ರಹಾಮನಿಗೆ ದೇವರು ನಕ್ಷತ್ರಗಳಷ್ಟು ಸಂತತಿಯನ್ನು ವಾಗ್ದಾನ ಮಾಡಿದನು, ಅವನು ನಂಬಿದನು, ಆ ನಂಬಿಕೆಯೇ ಅವನ ನೀತಿಯೆಂದು ಎಣಿಸಲ್ಪಟ್ಟಿತು. ಆಗ ಅವನಿಗೆ ಇನ್ನೂ ಸುನ್ನತಿಯಾಗಿರಲಿಲ್ಲವೆಂಬುದನ್ನು ಪೌಲನು ಒತ್ತಿ ಹೇಳುತ್ತಾನೆ. ಯೆಹೂದ್ಯರಲ್ಲದವರು ಸುನ್ನತಿಯಿಲ್ಲದೆಯೇ ದೇವರ ಮನೆಯವರಾಗಬಹುದೇ ಎಂಬುದು ಅವನ ಕಾಲದ ಜ್ವಲಂತ ಪ್ರಶ್ನೆಯಾಗಿತ್ತು. ಕುಲಚಿಹ್ನೆಯನ್ನು ಕೃಪೆಯ ಬಾಗಿಲಿಗೆ ಅಗುಳಿಯಾಗಿಸಬಾರದೆಂಬುದೇ ಅವನ ವಾದದ ತಿರುಳು.

ಯಾಕೋಬನು ಅದೇ ಅಬ್ರಹಾಮನ ಬಾಳಿನಲ್ಲಿ ಬೇರೊಂದು ದಿನವನ್ನು ತೋರಿಸುತ್ತಾನೆ: ಮಗನಾದ ಇಸಾಕನನ್ನು ಬಲಿಪೀಠದ ಮೇಲೆ ಮಲಗಿಸಿದ ದಿನವನ್ನು. ನಂಬಿಕೆಯು ಆ ಕ್ರಿಯೆಯಲ್ಲಿ ಪೂರ್ಣವಾಯಿತೆಂದು ಅವನ ಮತ. ಅನ್ನವಸ್ತ್ರಗಳಿಲ್ಲದ ಸಹೋದರನನ್ನು ಬರಿಯ ಹಾರೈಕೆಯಿಂದ ಕಳುಹಿಸಿಕೊಡುವ ಭಕ್ತನನ್ನು ಅವನು ಕಟುವಾಗಿ ಹಳಿಯುತ್ತಾನೆ. ದೇವರೊಬ್ಬನೆಂದು ದೆವ್ವಗಳೂ ನಂಬುತ್ತವೆಂಬ ಅವನ ಮಾತಿನ ಮೊನೆಗೆ ಯಾವ ಮತದವರೂ ಹೊರತಲ್ಲ.

ಹೀಗಿರಲು, 1505ರಲ್ಲಿ ಮಾರ್ಟಿನ್ ಲೂಥರನು ಜರ್ಮನಿಯ ಎರ್ಫುರ್ಟ್ ಪಟ್ಟಣದ ಅಗಸ್ಟಿನಿಯನ್ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಪಾಪನಿವೇದನೆ ಇವುಗಳಲ್ಲಿ ಯಾವದನ್ನೂ ಅವನು ಕಡಿಮೆ ಮಾಡಲಿಲ್ಲ. ಆದರೂ ಮಾಡಿದುದು ಸಾಕಾಯಿತೆಂಬ ನೆಮ್ಮದಿಯು ಅವನಿಗೆ ದೊರೆಯಲಿಲ್ಲ. ಪೌಲನ ಪತ್ರಿಕೆಯನ್ನು ಮಥಿಸುತ್ತಿರುವಾಗ, ದೇವರ ನೀತಿಯು ದಂಡಿಸುವ ನೀತಿಯಲ್ಲ, ನಂಬುವವನಿಗೆ ದಾನವಾಗಿ ಬರುವ ನೀತಿಯೆಂದು ಅವನಿಗೆ ಹೊಳೆಯಿತು. ಅದೇ ಕಾಲದಲ್ಲಿ ಪಾಪದಂಡನೆಯ ವಿಮೋಚನಪತ್ರಗಳು ಹಣಕ್ಕೆ ಮಾರಲ್ಪಡುತ್ತಿದ್ದವು. ಆ ಹಣವು ರೋಮಿನ ಸಂತ ಪೇತ್ರನ ದೇವಾಲಯಕ್ಕೆಂದು ಸಾರಲ್ಪಟ್ಟರೂ, ಅರ್ಧಭಾಗವು ಮೈನ್ಜಿನ ಮಹಾಧರ್ಮಾಧ್ಯಕ್ಷನಾದ ಆಲ್ಬ್ರೆಕ್ಟನ ಸಾಲಕ್ಕೆ ಸಲ್ಲುತ್ತಿತ್ತು! ಸತ್ತ ತಂದೆತಾಯಿಗಳ ಯಾತನೆಯನ್ನು ನೆನೆದು ಬಡವರೂ ಗಂಟು ಬಿಚ್ಚಿದರು. 1517ರ ಲೂಥರನ 95 ಪ್ರಮೇಯಗಳು ಇದರ ವಿರುದ್ಧವಾಗಿ ಹುಟ್ಟಿದವು.

1522ರ ತನ್ನ ಜರ್ಮನ್ ಭಾಷಾಂತರದಲ್ಲಿ, ಗ್ರೀಕ್ ಮೂಲದಲ್ಲಿಲ್ಲದ 'ಮಾತ್ರ' ಎಂಬ ಅರ್ಥದ ಪದವನ್ನು ಅವನು ಪೌಲನ ವಾಕ್ಯದಲ್ಲಿ ನಂಬಿಕೆಗೆ ಜೋಡಿಸಿದನು. ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದನು. ಇಲ್ಲಿ ಲೂಥರನು ಮಿತಿಮೀರಿದನೆಂದೇ ಹೇಳಬೇಕು. ಆದರೆ ಸತ್ಕ್ರಿಯೆಯು ಬೇಡವೆಂದು ಅವನು ಬೋಧಿಸಿದನೆಂಬುದು ಅಪವಾದ. ಒಳ್ಳೆಯ ಮರವು ಒಳ್ಳೆಯ ಫಲವನ್ನು ಬಿಡುವದು ಸಹಜ, ಫಲದಿಂದ ಮರವು ಹುಟ್ಟುವದಿಲ್ಲವೆಂಬುದು 1520ರಲ್ಲಿಯೇ ಅವನು ವಿವರಿಸಿದ ತತ್ತ್ವ.

ರೋಮನ್ ಸಭೆಯ ಮೇಲೆಯೂ ಅಂಥದೇ ಅಪವಾದವುಂಟು. 1547ರಲ್ಲಿ ಟ್ರೆಂಟಿನ ಮಹಾಸಭೆಯು, ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ಯಾವನೂ ನೀತಿವಂತನಾಗಲಾರನೆಂದು ಮೊದಲನೆಯ ನಿಯಮದಲ್ಲಿಯೇ ಸಾರಿತು. ಕೃಪೆಯಿಂದ ಪ್ರೇರಿತನಾದ ಮನುಷ್ಯನು ಅದಕ್ಕೆ ಒಪ್ಪಿ ಸಹಕರಿಸುವನು, ಸತ್ಕ್ರಿಯೆಯಿಂದ ಅವನ ನೀತಿಯು ವೃದ್ಧಿಯಾಗುವದು ಎಂಬುದು ಅದರ ಮುಂದಿನ ಮಾತು. ಲೂಥರನ ಅನುಯಾಯಿಗಳಿಗೆ ಈ 'ವೃದ್ಧಿ'ಯೇ ಒಪ್ಪಿಗೆಯಾಗಲಿಲ್ಲ.

ಶರಣರ ಕಾಯಕತತ್ತ್ವವನ್ನು ಬಲ್ಲವರಿಗೆ ಇಲ್ಲಿ ಹೋಲಿಕೆಯು ಹೊಳೆಯುವದು ಸಹಜ. ಆದರೆ ಅದನ್ನು ದೂರ ಎಳೆಯಬಾರದು. ಕ್ರೈಸ್ತರ ವಾದವು ಪಾಪಿಯು ದೇವರ ನ್ಯಾಯಾಸನದ ಮುಂದೆ ಹೇಗೆ ನಿಲ್ಲಬೇಕೆಂಬ ಭಯದಿಂದ ಹುಟ್ಟಿದುದು.

ಆ ಭಯಕ್ಕೆ ಅವರ ಸುವಾರ್ತೆಗಳಲ್ಲಿ ಎರಡು ಚಿತ್ರಗಳಿವೆ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಅಪರಾಧಿಗೆ ಸತ್ಕ್ರಿಯೆಗೆ ಕೈಗಳೂ ಬಿಡುವಾಗಿರಲಿಲ್ಲ, ಕಾಲವೂ ಉಳಿದಿರಲಿಲ್ಲ. ತನ್ನನ್ನು ನೆನೆಯಬೇಕೆಂದಷ್ಟೇ ಬೇಡಿದನು, ಅಂದೇ ಪರದೈಸಿನ ಮಾತು ದೊರೆಯಿತು. ಮತ್ತಾಯನ ಸುವಾರ್ತೆಯ ಕಡೆಯ ತೀರ್ಪಿನಲ್ಲಾದರೋ ಹಸಿದವರಿಗೆ ಉಣಿಸಿದವರೇ ಬಲಗಡೆಗೆ ನಿಲ್ಲುವರು. ಆದರೆ ಪ್ರಭುವನ್ನು ತಾವು ಯಾವಾಗ ಉಣಿಸಿದೆವೆಂದು ಅವರೇ ಬೆರಗಾಗಿ ಕೇಳುವರು, ಅವರಲ್ಲಿ ಲೆಕ್ಕವಿರಲಿಲ್ಲ.

1999ನೆಯ ಇಸವಿ ಅಕ್ಟೋಬರ್ 31ರಂದು, ಲೂಥರನ ಪ್ರಮೇಯಗಳ ದಿನದಂದೇ, ಜರ್ಮನಿಯ ಆಗ್ಸ್‌ಬುರ್ಗ್ ಪಟ್ಟಣದಲ್ಲಿ ರೋಮನ್ ಸಭೆಯ ಮತ್ತು ಲೂಥರನ್ ಲೋಕಸಂಘದ ಪ್ರತಿನಿಧಿಗಳು ಒಂದೇ ಒಪ್ಪಂದಕ್ಕೆ ಸಹಿಮಾಡಿದರು. ಮನುಷ್ಯನು ಸ್ವೀಕೃತನಾಗುವದು ಕೃಪೆಯಿಂದ, ಸತ್ಕ್ರಿಯೆಯು ಅದರ ಫಲ ಎಂಬಷ್ಟರಲ್ಲಿ ಉಭಯರೂ ಕೂಡಿದರು. ಹಿಂದಿನ ಶಾಪೋಕ್ತಿಗಳು ಆ ಒಪ್ಪಂದದಲ್ಲಿ ಹೇಳಿದ ಬೋಧೆಗೆ ತಗಲುವದಿಲ್ಲವೆಂದರು. ಜರ್ಮನಿಯ ಅನೇಕ ಸುಧಾರಿತ ಮತದ ಪ್ರಾಧ್ಯಾಪಕರು ಅದನ್ನು ಪ್ರತಿಭಟಿಸಿದರು. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ಕ್ಯಾಲ್ವಿನನ ಪರಂಪರೆಯ ಸಭೆಗಳ ಒಕ್ಕೂಟವೂ ಅದಕ್ಕೆ ಸೇರಿಕೊಂಡವು.